ಈಜಿಕೊಂಡು ಹೋದ ಮೀನು ಬದುಕಿತು ಅಂತ ಹೇಗೆ ಹೇಳುತ್ತೀರಿ?

"ಈಜ್ಕೊಂಡು ಹೋಯ್ತಲ್ಲ ಅಣ್ಣ, ಅದಕ್ಕೇನೂ ಆಗಿಲ್ಲ ಬಿಡಿ."

ವಾರಕ್ಕೆ ಎರಡು ಸಲವಾದರೂ ನನ್ನ ದೋಣಿಯಲ್ಲಿ ಈ ಮಾತು ಕೇಳುತ್ತೇನೆ. ಟೆಕ್ಸಸ್‌ನ ಲೇಕ್ ಫೋರ್ಕ್ ಅನ್ನುವ ಕೆರೆಯಲ್ಲಿ ನಾನು ಫಿಶಿಂಗ್ ಗೈಡ್, ಗಾಳ ಹಾಕಲು ಬರುವವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗುವವನು. ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆ ದಾರಿ. ಬಾಸ್ ಅನ್ನುವ ಇಲ್ಲಿನ ಸಿಹಿನೀರಿನ ಮೀನು ಹಿಡಿಯೋಕೆ ಬರುವವರಲ್ಲಿ ಪ್ಲೇನೊ, ಫ್ರಿಸ್ಕೊ ಕಡೆಯ ಕನ್ನಡದವರು ಈಗೀಗ ಜಾಸ್ತಿ. ಒಳ್ಳೆಯ ಜನ. ಚಿತ್ರಾನ್ನ ಕಟ್ಟಿಕೊಂಡು ಬರುತ್ತಾರೆ, ನನಗೂ ಒಂದು ಡಬ್ಬಿ ತರುತ್ತಾರೆ. ಹಿಡಿದ ಮೀನನ್ನು ವಾಪಸ್ ಬಿಡಬೇಕು ಅಂದರೆ ಖುಷಿಯಿಂದ ಒಪ್ಪುತ್ತಾರೆ. ಆದರೆ ಬಿಡುವ ಮುಂಚೆ ಒಂದು ಫೋಟೊ. ಆಮೇಲೆ ಹೆಂಡತಿ ಜೊತೆ ಇನ್ನೊಂದು. ಆಮೇಲೆ ಮಗಳು ಬರಬೇಕು, ಅವಳಿಗೆ ಭಯ, ಅವಳನ್ನು ಪುಸಲಾಯಿಸಬೇಕು, ಅಷ್ಟರಲ್ಲಿ ಫೋನ್ ಹಿಡಿದವರು "ಬಿಸಿಲು ಹಿಂದಿದೆ, ಈ ಕಡೆ ತಿರುಗಿ" ಅನ್ನುತ್ತಾರೆ.

ಒಂದು ಸಲ ಗಡಿಯಾರ ನೋಡಿದೆ. ಎರಡು ನಿಮಿಷ ನಲವತ್ತು ಸೆಕೆಂಡ್. ನಾನು ಎರಡು ಸಲ ಹೇಳಿದ್ದೆ, ಮೂರನೇ ಸಲ ಸ್ವಲ್ಪ ಜೋರಾಗಿಯೇ ಹೇಳಿದೆ. ಕೊನೆಗೆ ನೀರಿಗೆ ಹಾಕಿದರು. ಮೀನು ಬಾಲ ಬಡಿದು ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದು ಆಗಸ್ಟ್. ಮಾರನೇ ದಿನ ಬೇರೆಯವರನ್ನು ಕರೆದುಕೊಂಡು ಕೆರೆಯ ಅದೇ ಮೂಲೆಗೆ ಹೋದೆ. ಒಣಮರದ ಬುಡದಲ್ಲಿ ಒಂದು ಬಾಸ್ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದೇ ಮೀನು ಅಂತ ಆಣೆ ಮಾಡಿ ಹೇಳಲಾರೆ. ಆದರೆ ನಿನ್ನೆಯ ಮೀನಿನ ಬಾಲದ ಮೇಲ್ತುದಿಯಲ್ಲಿ ಬೆರಳಗಲ ಹರಿದಿತ್ತು. ಇದರ ಬಾಲವೂ ಅಲ್ಲೇ ಹರಿದಿತ್ತು. ಮೈಮೇಲೆ ಐದು ಬೆರಳಿನ ಗುರುತು ಬೆಳ್ಳಗೆ ಕಾಣುತ್ತಿತ್ತು.

ಈಜಿಕೊಂಡು ಹೋಗುವುದು ಬೇರೆ, ಬದುಕಿ ಉಳಿಯುವುದು ಬೇರೆ. ಇದೊಂದನ್ನು ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೀಗೆ ಯೋಚನೆ ಮಾಡಿ. ನೀವು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಒಂದೇ ಉಸಿರಿಗೆ ಓಡಿ ಹತ್ತಿದ್ದೀರಿ. ಮೇಲೆ ತಲುಪಿದ ಕೂಡಲೇ ಯಾರೋ ಬಂದು ನಿಮ್ಮ ಬಾಯಿ ಮೂಗು ಎರಡನ್ನೂ ಒತ್ತಿ ಹಿಡಿಯುತ್ತಾರೆ. ಗಾಳಕ್ಕೆ ಸಿಕ್ಕಿ ಜಗ್ಗಾಡಿದ ಮೀನಿನ ಸ್ಥಿತಿ ಅದೇ. ಅದರ ಮೈಯಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿರುತ್ತದೆ, ಉಸಿರು ಅತಿ ಹೆಚ್ಚು ಬೇಕಾದ ಹೊತ್ತು ಅದು, ಸರಿಯಾಗಿ ಅದೇ ಹೊತ್ತಿಗೆ ನಾವು ಮೇಲೆ ಎತ್ತಿ ನಗುತ್ತಾ ನಿಲ್ಲುತ್ತೇವೆ. ಕಿವಿರಿನ ಕೆಂಪು ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಗಾಳಿಗೆ ಬಂದರೆ ಒದ್ದೆ ಕೂದಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುತ್ತ ಅಷ್ಟೊಂದು ಗಾಳಿ ಇದ್ದರೂ ಮೀನಿಗೆ ಅದು ಸಿಗುವುದಿಲ್ಲ. ಬಿಟ್ಟಾಗ ಬಾಲ ಬಡಿದು ಓಡುತ್ತದಲ್ಲ, ಅದು ಹೆದರಿಕೆಯ ಓಟ. ಆಮೇಲೆ ಎಲ್ಲೋ ಜೊಂಡಿನ ಕೆಳಗೆ ಹೋಗಿ ಬಿದ್ದಿರುತ್ತದೆ. ಸತ್ತರೆ ಕೆಲವು ಗಂಟೆ ಬಿಟ್ಟು ಸಾಯಬಹುದು, ಕೆಲವು ದಿನ ಬಿಟ್ಟೂ ಸಾಯಬಹುದು. ಅಷ್ಟು ಹೊತ್ತಿಗೆ ನೀವು ಮನೆ ಸೇರಿ ಫೋಟೊ ಕಳಿಸಿ ಆಗಿರುತ್ತದೆ.

ನಮ್ಮವರಿಗೆ ಇದು ಯಾಕೆ ಹೊಳೆಯುವುದಿಲ್ಲ ಅಂತ ತುಂಬಾ ಯೋಚಿಸಿದ್ದೇನೆ. ನನಗೆ ಅನ್ನಿಸುವುದು ಇಷ್ಟು: ನಾವು ಚಿಕ್ಕಂದಿನಲ್ಲಿ ಸಂತೆಯಲ್ಲಿ ನೋಡಿದ್ದು ಕೊರವ ಮೀನು, ಮುರೆಲ್ ಅಂತಾರಲ್ಲ, ಅದನ್ನು. ಬುಟ್ಟಿಯಲ್ಲಿ ಒದ್ದೆ ಗೋಣಿ ಹೊದೆಸಿಟ್ಟರೆ ಗಂಟೆಗಟ್ಟಲೆ ಮಿಸುಕಾಡುತ್ತಿರುತ್ತದೆ. ಅದಕ್ಕೆ ನೇರವಾಗಿ ಗಾಳಿಯನ್ನೇ ಉಸಿರಾಡುವ ಅಂಗ ಇದೆ. ಬಾಸ್‌ಗೆ ಅದಿಲ್ಲ. "ಊರಲ್ಲಿ ಸಂಜೆವರೆಗೂ ಬದುಕಿರ್ತಿತ್ತು" ಅಂತ ನನಗೆ ಹೇಳಿದವರು ನೋಡಿದ್ದು ನಿಜ, ಆದರೆ ಅವರು ನೋಡಿದ ಮೀನು ಬೇರೆ.

ಎಲ್ಲಾ ಮೀನೂ ಸಾಯುತ್ತದೆ ಅಂತ ನಾನು ಹೇಳುತ್ತಿಲ್ಲ. ನೀರು ತಣ್ಣಗಿದ್ದು, ಬೇಗ ಎಳೆದು, ಬೇಗ ಬಿಟ್ಟರೆ ಬಾಸ್ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಕಷ್ಟ ಬರುವುದು ಬೇಸಿಗೆಯಲ್ಲಿ. 10 ಡಿಗ್ರಿ ನೀರಿನ ಒಂದು ಲೀಟರ್‌ನಲ್ಲಿ ಹೆಚ್ಚೆಂದರೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿ ನೀರಿನಲ್ಲಿ ಮೀನಿಗೆ ಬೇಕಾಗುವುದು ಜಾಸ್ತಿ, ಸಿಗುವುದು ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ನಾನು ಬೆಳಗಿನ ಜಾವ ಹೊರಟು ಹತ್ತು ಗಂಟೆಗೆ ದಡ ಸೇರಿಸುವುದು ಇದಕ್ಕೇ. ದುಡ್ಡು ಕೊಟ್ಟು ಇಷ್ಟೇನಾ ಅಂತ ಕೆಲವರಿಗೆ ಬೇಜಾರು. ಬೇಜಾರಾದರೂ ಪರವಾಗಿಲ್ಲ.

ಇನ್ನು ಆಳದ ಮಾತು. ನಮ್ಮ ಕಾಟ್ಲಾ, ರೋಹು, ಗೆಂಡೆಗಳಿಗೆ ಹೊಟ್ಟೆಯೊಳಗಿನ ಗಾಳಿಚೀಲದಿಂದ ಗಂಟಲಿಗೆ ಒಂದು ನಾಳ ಇರುತ್ತದೆ. ಆಳದಿಂದ ಮೇಲೆ ಬಂದಾಗ ತೇಗಿದ ಹಾಗೆ ಗಾಳಿ ಹೊರಹಾಕುತ್ತವೆ. ಬಾಸ್‌ಗೆ ಆ ನಾಳ ಇಲ್ಲ. ಮೂವತ್ತು ಅಡಿ ಆಳದಿಂದ ಸರಸರ ಎಳೆದರೆ ಚೀಲ ಉಬ್ಬಿಕೊಳ್ಳುತ್ತದೆ, ಮತ್ತೆ ಕೆಳಗೆ ಮುಳುಗಲು ಆಗದೆ ಮೀನು ಮೇಲೆಯೇ ಒದ್ದಾಡುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆಯುವ ವಿಧಾನ ಇದೆ. ವಿಡಿಯೊ ನೋಡಿಕೊಂಡು ನೀವು ಮಾಡಬೇಡಿ. ಒಂದಿಷ್ಟು ಆಚೀಚೆ ಚುಚ್ಚಿದರೆ ಒಳಗಿನ ಅಂಗಕ್ಕೇ ಪೆಟ್ಟು.

ನನ್ನ ಮಾತು ನಂಬದಿದ್ದರೆ ಇಲ್ಲಿನ ನಿಯಮವನ್ನೇ ನೋಡಿ. ಲೇಕ್ ಫೋರ್ಕ್‌ನಲ್ಲಿ ಕ್ರಾಪಿ ಅಂತ ಇನ್ನೊಂದು ಮೀನಿದೆ, ಸಾರಿಗೆ ಬಹಳ ರುಚಿ. ಬೇರೆ ತಿಂಗಳುಗಳಲ್ಲಿ 10 ಇಂಚಿಗಿಂತ ಚಿಕ್ಕದನ್ನು ಬಿಡಬೇಕು. ಡಿಸೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಮಾತ್ರ ಅಳತೆಯೇ ಇಲ್ಲ, ಹಿಡಿದದ್ದನ್ನೆಲ್ಲ ಇಟ್ಟುಕೊಳ್ಳಲೇಬೇಕು, 25 ಆದ ಮೇಲೆ ನಿಲ್ಲಿಸಬೇಕು. ಯಾಕೆ? ಚಳಿಗಾಲದಲ್ಲಿ ಕ್ರಾಪಿ ಆಳದಲ್ಲಿರುತ್ತದೆ, ಅಲ್ಲಿಂದ ಎಳೆದದ್ದನ್ನು ಬಿಟ್ಟರೂ ತುಂಬಾ ಸಾಯುತ್ತವೆ. ಬಾಸ್ ವಿಷಯ ಉಲ್ಟಾ. 16ರಿಂದ 24 ಇಂಚಿನೊಳಗಿನ ಬಾಸ್ ಇಟ್ಟುಕೊಳ್ಳುವ ಹಾಗೇ ಇಲ್ಲ, ಸಾಯುವ ಹಾಗೆ ಕಂಡರೂ ಬಿಡಲೇಬೇಕು. ಹಾಗಿದ್ದ ಮೇಲೆ ಜೋಪಾನ ಮೊದಲೇ ಮಾಡಬೇಕು ಅಲ್ವಾ? (ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಆ ವರ್ಷದ್ದನ್ನು ಓದಿಕೊಳ್ಳಿ.)

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಫೋನ್ ತೆಗೆದು, ಯಾರು ಎಲ್ಲಿ ನಿಲ್ಲಬೇಕು ಅಂತ ಮೀನು ಬಲೆಯಲ್ಲಿ, ನೀರಿನಲ್ಲಿ ಇರುವಾಗಲೇ ನಿರ್ಧಾರ ಮಾಡಿ. ಇಕ್ಕಳ ಕೈಯಲ್ಲಿರಲಿ. ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ, ಟವೆಲ್‌ಗೆ, ದೋಣಿಯ ಕಾದ ಕಾರ್ಪೆಟ್‌ಗೆ ಮೀನಿನ ಮೈಯ ಲೋಳೆ ಅಂಟಿಕೊಂಡು ಬರುತ್ತದೆ. ಆ ಲೋಳೆಯೇ ಅದಕ್ಕೆ ರಕ್ಷಣೆ, ಅದು ಹೋದಲ್ಲಿ ಬೂಷ್ಟು ಹಿಡಿಯುತ್ತದೆ. ದೊಡ್ಡ ಮೀನನ್ನು ಬರೀ ದವಡೆ ಹಿಡಿದು ಅಡ್ಡಡ್ಡ ಎತ್ತಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಎತ್ತುವಾಗ ನೀವೂ ಉಸಿರು ಬಿಗಿ ಹಿಡಿಯಿರಿ. ನಿಮಗೆ ಉಸಿರು ಬೇಕು ಅನ್ನಿಸಿದಾಗ ಅದಕ್ಕೂ ಬೇಕಾಗಿರುತ್ತದೆ.

ಚೆನ್ನಾಗಿ ನೋಡಿಕೊಂಡರೆ ಮೀನು ಎಷ್ಟು ತಾಳುತ್ತದೆ ಅನ್ನುವುದಕ್ಕೂ ಇದೇ ಕೆರೆ ಸಾಕ್ಷಿ. 1986ರ ನವೆಂಬರ್‌ನಲ್ಲಿ ಮಾರ್ಕ್ ಸ್ಟೀವನ್‌ಸನ್ ಅನ್ನುವ ಗೈಡ್ ಇಲ್ಲಿ 17.67 ಪೌಂಡಿನ ಬಾಸ್ ಹಿಡಿದರು, ಅಂದರೆ ಎಂಟು ಕೆಜಿ. ಅದಕ್ಕೆ ಎಥೆಲ್ ಅಂತ ಹೆಸರಾಯಿತು. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ಒಂದು ದೊಡ್ಡ ಅಕ್ವೇರಿಯಂನಲ್ಲಿ ಅದು 1994ರವರೆಗೆ ಬದುಕಿತ್ತು.

ಹೋದ ಮಾರ್ಚ್‌ನಲ್ಲಿ ಒಬ್ಬ ಹುಡುಗ ಊರಿನಿಂದ ಬಂದಿದ್ದ ತಂದೆಯನ್ನು ಕರೆದುಕೊಂಡು ಬಂದಿದ್ದ. ಕೆ.ಆರ್. ಪೇಟೆ ಕಡೆಯವರು, ಎಪ್ಪತ್ತು ದಾಟಿದೆ. ಮೊಟ್ಟೆ ಇಡಲು ದಡದ ಹತ್ತಿರ ಬಂದಿದ್ದ ದಪ್ಪ ಹೆಣ್ಣು ಬಾಸ್ ಅವರ ಗಾಳಕ್ಕೇ ಬಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಯಜಮಾನರು ಪಂಚೆ ಎತ್ತಿ ಕಟ್ಟಿ, ದೋಣಿಯ ಅಂಚಿಗೆ ಮಂಡಿಯೂರಿ, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ನೀರಲ್ಲಿ ಅದ್ದಿ, ಮೀನನ್ನು ನೀರೊಳಗೇ ತಬ್ಬಿ ಹಿಡಿದರು.

"ಅಪ್ಪ, ಮೇಲಕ್ಕೆತ್ತಿ, ಫೋಟೊ ತೆಗೀತೀನಿ" ಅಂದ ಮಗ.

"ತಡಿಯೋ, ಅದು ಉಸಿರಾಡ್ಲಿ."

ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಯಾರು ಹೇಳ್ಕೊಡ್ತಾರಪ್ಪ? ಕೆರೆ ಬತ್ತುವಾಗ ಗೆಂಡೆ ಮರಿ ಹಿಡಿದು ಇನ್ನೊಂದು ಕೆರೆಗೆ ಬಿಡ್ತಿದ್ವಿ. ಒಣ ಕೈಲಿ ಮುಟ್ಟಿದ್ದು ಒಂದೂ ಉಳೀತಿರ್ಲಿಲ್ಲ" ಅಂದರು. ಮಗ ಹಾಗೇ ಫೋಟೊ ತೆಗೆದ. ಅದರಲ್ಲಿ ಕಾಣುವುದು ಯಜಮಾನರ ಬಗ್ಗಿದ ಬೆನ್ನು, ನೀರಿನ ಮೇಲೆ ಒಂದು ಹಸಿರು ರೆಕ್ಕೆ, ಅಷ್ಟೇ. ಅರ್ಧ ನಿಮಿಷ ಮೀನು ಅವರ ಕೈಯಲ್ಲೇ ನಿಂತಿತ್ತು, ಕಿವಿರು ತೆರೆದು ಮುಚ್ಚುತ್ತಾ. ಆಮೇಲೆ ಅವರ ಬೆರಳುಗಳ ನಡುವಿನಿಂದ ತಾನಾಗೇ, ನಿಧಾನಕ್ಕೆ, ಕೆಳಗೆ ಇಳಿಯಿತು.