ಕುಮಾಸಿಯ ಬೀದಿ, ಲೆವಿಟೌನ್‌ನ ಬೀದಿ: ಹೋಲಿಕೆಗೆ ಟಿಪ್ಪಣಿ

ಘಾನಾದ, ಅಮೆರಿಕದ ಮನೆ ಮುಂದಿನ ಬೀದಿ ಬದುಕನ್ನು ಹೋಲಿಸಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ಬಹಳ ಮಂದಿ "ಆಫ್ರಿಕನ್ನರು ಕೂಡಿ ಬಾಳ್ತಾರೆ, ಅಮೆರಿಕನ್ನರು ಒಂಟಿ" ಎಂದು ಬರೆದು ಮುಗಿಸುತ್ತಾರೆ. ಅದು ಉತ್ತರ ಅಲ್ಲ. ಸ್ವಭಾವದ ಮಾತು ಬಿಡಿ. ಮನೆ ಹೇಗಿದೆ, ಮನೆ ಮುಂದೆ ಏನು ಮಾಡಲು ಬಿಡ್ತಾರೆ, ಅದನ್ನು ನೋಡಿ.

ಮೊದಲು ಘಾನಾದ ಕುಮಾಸಿ, ಅಸಾಂತೆ ಜನರ ರಾಜಧಾನಿ. ಇಲ್ಲಿ ಎಷ್ಟೋ ಕುಟುಂಬಗಳು ಇರುವುದು ವಠಾರದಲ್ಲಿ. ನಡುವೆ ಅಂಗಳ, ಸುತ್ತ ಕೋಣೆಗಳು. ಕೋಣೆ ಸಣ್ಣದು, ಒಳಗೆ ಸೆಕೆ. ಹಾಗಾಗಿ ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳಿಗೆ ಜಡೆ ಹಾಕುವುದು ಎಲ್ಲ ಹೊರಗೇ. ಊಟದ ಹೊತ್ತಿಗೆ ಫುಫು ಕುಟ್ಟುವ ಸದ್ದು. ಬೇಯಿಸಿದ ಮರಗೆಣಸು, ಬಾಳೆಕಾಯಿಯನ್ನು ಮರದ ಒರಳಿಗೆ ಹಾಕುತ್ತಾರೆ. ಒಬ್ಬರು ನಿಂತು ಉದ್ದನೆಯ ಒನಕೆಯಿಂದ ಕುಟ್ಟುತ್ತಾರೆ. ಇನ್ನೊಬ್ಬರು ಕೂತು, ಏಟಿನ ನಡುವೆ ಕೈ ಹಾಕಿ ಮುದ್ದೆ ಮಗುಚುತ್ತಾರೆ. ತಾಳ ತಪ್ಪಿದರೆ ಬೆರಳು ಜಜ್ಜಿಹೋಯ್ತು ಅಂತಲೇ!

ಹೊರಗೆ ಒಂದು ಮೇಜು ಹಾಕಿದರೆ ಅದೇ ಅಂಗಡಿ. ಸಂಜೆಯಾದರೆ ಕೆಲೆವೆಲೆ, ಅಂದರೆ ಶುಂಠಿ, ಮೆಣಸಿನಕಾಯಿ ಹಾಕಿ ಕರಿದ ಮಾಗಿದ ಬಾಳೆ. ಕೊಳ್ಳಲು ಬಂದವರು ಸುಮ್ನೆ ಹೋಗಲ್ಲ, ನಿಂತು ಮಾತಾಡಿಯೇ ಹೋಗುವುದು.

ಈಗ ನ್ಯೂಯಾರ್ಕ್ ನಗರದ ಹತ್ತಿರದ ಲೆವಿಟೌನ್. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆಂದು 1947ರಿಂದ 1951ರೊಳಗೆ ಇಲ್ಲಿ 17,000ಕ್ಕೂ ಹೆಚ್ಚು ಮನೆ ಎದ್ದವು. ಕಟ್ಟಿಸಿದವರ ಆಗಿನ ಷರತ್ತುಗಳು ನೋಡಿ: ಬೇಲಿ ಹಾಕುವಂತಿಲ್ಲ, ಹುಲ್ಲು ಬೆಳೆಯಲು ಬಿಡುವಂತಿಲ್ಲ, ವಾರದ ಕೊನೆಗೆ ಬಟ್ಟೆ ಹೊರಗೆ ಒಣಹಾಕುವಂತಿಲ್ಲ. ಕಪ್ಪು ಜನರಿಗಂತೂ ಮನೆಯನ್ನೇ ಕೊಡಲಿಲ್ಲ. ಈ ಸಾಲನ್ನು ಉತ್ತರದಲ್ಲಿ ದಯವಿಟ್ಟು ಬಿಡಬೇಡಿ. ಬೀದಿ ಯಾರದ್ದು ಎಂಬ ಪ್ರಶ್ನೆ ಇರುವುದೇ ಇಲ್ಲಿ.

ಜೊತೆಗೆ ಝೋನಿಂಗ್ ಕಾನೂನು, ಅಂದರೆ ಊರಿನ ಯಾವ ಜಾಗದಲ್ಲಿ ಏನಿರಬಹುದು ಎಂಬ ನಿಯಮ. ಮನೆಗಳಿರುವ ಕಡೆ ಅಂಗಡಿ, ಕಾರ್ಖಾನೆ ಬೇಡ ಎನ್ನುವ ಹಕ್ಕು ಊರಿಗಿದೆ ಎಂದು 1926ರಲ್ಲಿ, ಓಹಾಯೊದ ಯೂಕ್ಲಿಡ್ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಎಷ್ಟೋ ಬಡಾವಣೆಗಳಲ್ಲಿ ಒಂದು ಪ್ಯಾಕೆಟ್ ಹಾಲಿಗೂ ಕಾರು ತೆಗೆಯಬೇಕು. ನಡೆದು ಹೋಗುವವರೇ ಇಲ್ಲದ ಮೇಲೆ ಯಾರ ಹತ್ತಿರ ಮಾತಾಡೋದು, ಅಲ್ವಾ? ಟೆಕ್ಸಾಸ್‌ನಲ್ಲಿ ಮಕ್ಕಳು ಮನೆ ಮುಂದೆ ನಿಂಬೆ ಪಾನಕ ಮಾರಲು ಪರವಾನಗಿ ಬೇಡ ಎನ್ನಲು 2019ರಲ್ಲಿ ಕಾನೂನೇ ಮಾಡಬೇಕಾಯಿತು! ಕುಮಾಸಿಯ ಆ ಮೇಜಿನ ಎದುರು ಇದನ್ನು ಇಟ್ಟರೆ ಅರ್ಧ ಉತ್ತರ ಸಿಕ್ಕಂತೆ.

ಆದರೆ ಉಲ್ಟಾ ಉದಾಹರಣೆಗಳೂ ಇವೆ. ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ ಬೇಸಿಗೆಯಲ್ಲಿ ಜನ ಮನೆ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಘಾನಾದ ರಾಜಧಾನಿ ಅಕ್ರಾದ ಶ್ರೀಮಂತ ಬಡಾವಣೆ ಈಸ್ಟ್ ಲೆಗಾನ್‌ನಲ್ಲಿ ಎತ್ತರದ ಕಾಂಪೌಂಡ್, ಅದರ ಮೇಲೆ ಕರೆಂಟ್ ತಂತಿ. ಘಾನಾದ ನಗರಾಡಳಿತಗಳೂ ಬೀದಿ ವ್ಯಾಪಾರಿಗಳನ್ನು ಆಗಾಗ ಎಬ್ಬಿಸುತ್ತವೆ. ಐದು ಅಂಕದ ಪ್ರಶ್ನೆಗೆ ಮೇಜು, ಪಾನಕ ಸಾಕು. ಹತ್ತು ಅಂಕದ್ದಾದರೆ ಇವನ್ನೂ ಸೇರಿಸಿ.