ಪ್ಲೇಟ್‌ಲೆಟ್ ಏರಿಸುವ ಇಂಜೆಕ್ಷನ್ ಇದೆ, ಆದರೆ ಯಾರಿಗೆ?

ಡೆಂಗಿ ಸೀಸನ್ ಬಂದರೆ ರೋಗಿಯ ಕಡೆಯವರು ಕೇಳುವುದು ಒಂದೇ: "ಡಾಕ್ಟ್ರೇ, ಪ್ಲೇಟ್‌ಲೆಟ್ ಏರೋಕೆ ಇಂಜೆಕ್ಷನ್ ಇದೆಯಂತಲ್ಲ?" ಇದೆ. ಆದರೆ ಅದು ಕೆಲಸ ಶುರು ಮಾಡಲು ಸುಮಾರು ಐದು ದಿನ ಬೇಕು. ಅಷ್ಟರಲ್ಲಿ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ತಾನಾಗಿಯೇ ಏರತೊಡಗುತ್ತದೆ. ಡೆಂಗಿಯಲ್ಲಿ ಹೆಚ್ಚಿನ ಅಪಾಯ ರಕ್ತನಾಳದಿಂದ ನೀರಿನಂಶ ಸೋರುವುದು. ಸಂಖ್ಯೆಗಿಂತ ಬಿಪಿ, ನಾಡಿ, ಮೂತ್ರದ ಪ್ರಮಾಣದ ಕಡೆ ಜಾಸ್ತಿ ಗಮನ ಬೇಕು.

ಹಾಗಾದರೆ ಆ ಔಷಧ ಏನು? ನಮ್ಮ ಲಿವರ್ ಥ್ರಾಂಬೊಪೊಯಟಿನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಅದು ಮೂಳೆಯ ಮಜ್ಜೆಯಲ್ಲಿರುವ ಮೆಗಾಕ್ಯಾರಿಯೊಸೈಟ್ ಎಂಬ ದೊಡ್ಡ ಕೋಶಗಳನ್ನು ಬೆಳೆಸುತ್ತದೆ. ಆ ಕೋಶಗಳಿಂದ ಉದುರುವ ಚೂರುಗಳೇ ಪ್ಲೇಟ್‌ಲೆಟ್. ರಕ್ತದಲ್ಲಿ ಓಡಾಡುವ ಪ್ಲೇಟ್‌ಲೆಟ್‌ಗಳು ಇದೇ ಹಾರ್ಮೋನನ್ನು ಹೀರಿಕೊಳ್ಳುತ್ತವೆ. ಅವು ಕಡಿಮೆಯಾದಾಗ ಹಾರ್ಮೋನ್ ಮಿಗುತ್ತದೆ, ಮಜ್ಜೆ ಚುರುಕಾಗುತ್ತದೆ. ಎಷ್ಟು ಅಚ್ಚುಕಟ್ಟು, ಅಲ್ವಾ?

1994ರಲ್ಲಿ ಈ ಹಾರ್ಮೋನಿನ ಜೀನ್ ಸಿಕ್ಕಿತು. ಲ್ಯಾಬ್‌ನಲ್ಲಿ ಅದನ್ನು ತಯಾರಿಸುವುದೂ ಸಾಧ್ಯವಾಯಿತು. ಒಂದು ರೂಪದಲ್ಲಿ ಪೂರ್ತಿ ಹಾರ್ಮೋನ್ ಇತ್ತು. ಇನ್ನೊಂದು ಅದರ ತುಂಡು, ದೇಹದಲ್ಲಿ ಹೆಚ್ಚು ಹೊತ್ತು ಉಳಿಯಲೆಂದು ಪಾಲಿಎಥಿಲೀನ್ ಗ್ಲೈಕಾಲ್ ಅಂಟಿಸಿದ್ದು. ಈ ತುಂಡನ್ನು ಪ್ಲೇಟ್‌ಲೆಟ್ ದಾನ ಮಾಡುವ ಆರೋಗ್ಯವಂತರಿಗೂ ಕೊಟ್ಟು ನೋಡಿದರು. ಕೆಲವರ ದೇಹ ಔಷಧದ ವಿರುದ್ಧ ಪ್ರತಿಕಾಯ ತಯಾರಿಸಿತು. ಅದೇ ಪ್ರತಿಕಾಯ ಅವರ ಸ್ವಂತ ಹಾರ್ಮೋನನ್ನೂ ತಡೆಯಿತು. ಪ್ಲೇಟ್‌ಲೆಟ್ ಏರಿಸಬೇಕಾದ ಔಷಧವೇ ಅದನ್ನು ಪಾತಾಳಕ್ಕೆ ಇಳಿಸಿತು. 1998ರಲ್ಲಿ ಅಮೆರಿಕದಲ್ಲಿ ಆ ಪ್ರಯೋಗ ನಿಂತಿತು. ಆರೋಗ್ಯವಂತರಿಗೆ ಔಷಧ ಕೊಡುವಾಗ ಎಷ್ಟು ಎಚ್ಚರ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಪೂರ್ತಿ ಹಾರ್ಮೋನಿಗೆ ಚೀನಾದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಕಿಮೋಥೆರಪಿಯಿಂದ ಪ್ಲೇಟ್‌ಲೆಟ್ ಕುಸಿದವರಿಗೆ ಅಲ್ಲಿ ಅದನ್ನು ಕೊಡುತ್ತಾರೆ. ಉಳಿದವರು ಬೇರೆ ದಾರಿ ಹಿಡಿದರು. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೋಮಿಪ್ಲೋಸ್ಟಿಮ್ ಇಂಜೆಕ್ಷನ್ ಮತ್ತು ಎಲ್ಟ್ರೋಂಬೋಪ್ಯಾಗ್ ಮಾತ್ರೆ ರಚನೆಯಲ್ಲಿ ಹಾರ್ಮೋನನ್ನು ಹೋಲುವುದಿಲ್ಲ. ಆದರೂ ಹಾರ್ಮೋನ್ ಕೋಶದ ಮೇಲೆ ಅಂಟಿಕೊಳ್ಳುವ ಜಾಗವನ್ನೇ, ಅಂದರೆ ಅದೇ ರಿಸೆಪ್ಟರನ್ನು ಎಚ್ಚರಿಸುತ್ತವೆ. ಪ್ರತಿಕಾಯ ಹುಟ್ಟಿದರೂ ಸ್ವಂತ ಹಾರ್ಮೋನಿಗೆ ಏಟು ಬೀಳುವ ಭಯ ತೀರಾ ಕಡಿಮೆ.

ಇವು ಹೆಚ್ಚು ನೆರವಾಗುವುದು ಐಟಿಪಿ (ಇಮ್ಯೂನ್ ಥ್ರಾಂಬೊಸೈಟೊಪೀನಿಯಾ) ರೋಗಿಗಳಿಗೆ. ಅವರ ದೇಹವೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತಿರುತ್ತದೆ. ಹಾರ್ಮೋನ್ ಮಾತ್ರ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಹೊರಗಿನ ಒತ್ತಾಸೆ ಅಲ್ಲಿ ಫಲ ಕೊಡುತ್ತದೆ. ಎಲ್ಟ್ರೋಂಬೋಪ್ಯಾಗ್ ತೆಗೆದುಕೊಳ್ಳುವವರು ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಗೆ ಎರಡು ಗಂಟೆ ಮೊದಲು ಅಥವಾ ನಾಲ್ಕು ಗಂಟೆ ನಂತರ ಅದನ್ನು ನುಂಗಬೇಕು. ಲಿವರ್ ಪರೀಕ್ಷೆ ತಪ್ಪಿಸಬೇಡಿ. ಸಂಖ್ಯೆ ಚೆನ್ನಾಗಿದೆ ಅಂತ ಸುಮ್ನೆ ನಿಲ್ಲಿಸಲೂಬೇಡಿ. ನಿಲ್ಲಿಸಿದರೆ ಮೊದಲಿಗಿಂತ ಕೆಳಗೆ ಇಳಿಯಬಹುದು.