ಮಳೆಗಾಲದಲ್ಲಿ ಗಿಟ್ ಕ್ಲೋನ್ ಮಾಡುವವರಿಗೆ

ಶಿರಸಿ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಜಾಸ್ತಿ. ಹೊಸ ಪ್ರಾಜೆಕ್ಟಿಗೆ ಸೇರಿದ ದಿನ ನನಗೆ ಫೋನ್ ಬರುತ್ತದೆ: "ಅಣ್ಣಾ, ಕ್ಲೋನ್ ಮುಗೀತಾನೇ ಇಲ್ಲ." ಗಿಟ್ ಅಂದರೆ ಕೋಡಿನ ಪ್ರತಿ ಬದಲಾವಣೆಯ ಇತಿಹಾಸ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಕ್ಲೋನ್ ಅಂದರೆ ಸರ್ವರಿನಲ್ಲಿರುವ ಪ್ರಾಜೆಕ್ಟನ್ನು ಆ ಇತಿಹಾಸದ ಸಮೇತ ನಮ್ಮ ಕಂಪ್ಯೂಟರಿಗೆ ತರಿಸುವುದು.

ಕಳೆದ ಜುಲೈನಲ್ಲಿ ಹೀಗೇ ಒಬ್ಬಳ ಮನೆಗೆ ಹೋಗಿದ್ದೆ. ಹೊರಗೆ ಜಡಿಮಳೆ. ಪರದೆ ಮೇಲೆ ‘ರಿಸೀವಿಂಗ್ ಆಬ್ಜೆಕ್ಟ್ಸ್’ ಶೇಕಡಾ 71ಕ್ಕೆ ಬಂದಿತ್ತು. ಅಷ್ಟರಲ್ಲಿ ಕರೆಂಟ್ ಹೋಯ್ತು, ರೌಟರ್ ಆರಿತು, ಕ್ಲೋನ್ ಅಲ್ಲಿಗೇ ನಿಂತಿತು. ಕರೆಂಟ್ ಬಂದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಬೆಳಗ್ಗೆಯಿಂದ ಅದು ನಾಲ್ಕನೇ ಸಲವಂತೆ, ಪಾಪ, ಅಳುವುದೊಂದು ಬಾಕಿ.

ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ. ಸಿನಿಮಾ ಡೌನ್‌ಲೋಡ್ ಮಾಡಿದ ಹಾಗಲ್ಲ ಅದು. ಸರ್ವರ್ ನಿಮಗೆ ಬೇಕಾದ್ದನ್ನೆಲ್ಲ ಒಟ್ಟು ಮಾಡಿ ಒಂದೇ ಪ್ಯಾಕ್ ಆಗಿ ಕಳಿಸುತ್ತದೆ. ಅದು ಪೂರ್ತಿ ಬಂದರೆ ಮಾತ್ರ ಲೆಕ್ಕಕ್ಕೆ, ನಡುವೆ ಲೈನ್ ಕಡಿದರೆ ಗಿಟ್ ತಾನು ಮಾಡಿದ ಫೋಲ್ಡರನ್ನೂ ಅಳಿಸಿಹಾಕುತ್ತದೆ.

ಅದಕ್ಕೇ ನಮ್ಮ ಕಡೆಯವರು ಇತಿಹಾಸವನ್ನೆಲ್ಲ ಒಂದೇ ಸಲ ತರಿಸಬಾರದು. ಕ್ಲೋನ್ ಕಮಾಂಡಿಗೆ ‘ಡೆಪ್ತ್ 1’ ಸೇರಿಸಿ. ಕೊನೆಯ ಕಮಿಟ್, ಅಂದರೆ ಕೊನೆಯದಾಗಿ ದಾಖಲಾದ ಕೋಡಿನ ಸ್ಥಿತಿ, ಒಂದೇ ಬರುತ್ತದೆ, ಬಿಲ್ಡ್ ಮಾಡಿ ಕೆಲಸ ಶುರು ಮಾಡಲು ಅಷ್ಟು ಸಾಕು. ಆಮೇಲೆ ಲೈನ್ ಚೆನ್ನಾಗಿರುವ ಹೊತ್ತು ನೋಡಿ ಫೆಚ್ ಕಮಾಂಡಿನ ಜೊತೆ ‘ಡೀಪನ್ 500’ ಕೊಡಿ, ಹಿಂದಿನ 500 ಕಮಿಟ್‌ಗಳಷ್ಟು ಇತಿಹಾಸ ಬರುತ್ತದೆ, ಮತ್ತೆ ಇನ್ನೊಂದು 500. ಕಡಿದರೂ ಹೋಗುವುದು ಆ ಒಂದು ಕಂತು ಮಾತ್ರ, ಹಿಂದೆ ಬಂದದ್ದೆಲ್ಲ ಭದ್ರ. ಹೆಚ್ಚಿನದೆಲ್ಲ ಬಂದ ಮೇಲೆ ‘ಅನ್‌ಶಾಲೋ’ ಕೊಟ್ಟರೆ ಉಳಿದದ್ದೂ ಬರುತ್ತದೆ.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಒಂದೇ ಪ್ರಾಜೆಕ್ಟಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಕೋಡಿನ ಬೇರೆ ಬೇರೆ ಕವಲು, ಅಂದರೆ ಬ್ರಾಂಚ್, ಇರುತ್ತವೆ. ಡೆಪ್ತ್ ಕೊಟ್ಟರೆ ಗಿಟ್ ಸುಮ್ನೆ ಒಂದೇ ಬ್ರಾಂಚ್ ತರುತ್ತದೆ. ಟೀಮ್ ಲೀಡ್ ಹೇಳಿದ ಬ್ರಾಂಚ್ ಹುಡುಕಿದರೆ ಇಲ್ಲವೇ ಇಲ್ಲ! ಪರ್ಮಿಶನ್ ಸಿಕ್ಕಿಲ್ಲ ಅಂದುಕೊಂಡು ಅರ್ಧ ದಿನ ಮೇಲ್ ಬರೆದವರನ್ನು ನೋಡಿದ್ದೇನೆ. ಕ್ಲೋನ್ ಮಾಡುವಾಗಲೇ ‘ನೋ ಸಿಂಗಲ್ ಬ್ರಾಂಚ್’ ಅಂತ ಕೊಟ್ಟುಬಿಡಿ, ಆಗ ಪ್ರತಿ ಬ್ರಾಂಚಿನ ತುದಿಯೂ ಬರುತ್ತದೆ.

ಹಳೇ ಫೈಲುಗಳನ್ನು ಬೇಕಾದಾಗ ಮಾತ್ರ ತರಿಸುವ ‘ಬ್ಲಾಬ್ ನನ್’ ಫಿಲ್ಟರ್ ಕೂಡ ಇದೆ. ಬೆಂಗಳೂರಲ್ಲಿ ಅದು ಒಳ್ಳೆಯದೇ. ಇಲ್ಲಿ ನಾನು ಬೇಡ ಅನ್ನುತ್ತೇನೆ, ಯಾಕೆಂದರೆ ನೆಟ್ ಇಲ್ಲದ ಹೊತ್ತಲ್ಲಿ ಹಳೇ ಕೋಡ್ ಮೇಲೆ ಬ್ಲೇಮ್ (ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಕಮಾಂಡ್) ಹಾಕಿದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಇನ್ನು, ನಡುವೆ ತುರ್ತು ಬಗ್ ಬಂತು ಅಂತ ಇನ್ನೊಂದು ಫೋಲ್ಡರಿಗೆ ಮತ್ತೆ ಕ್ಲೋನ್ ಮಾಡಬೇಡಿ. 2015ರಲ್ಲಿ ಬಂದ ಗಿಟ್ 2.5ರಿಂದಲೂ ವರ್ಕ್‌ಟ್ರೀ ಇದೆ. ‘ವರ್ಕ್‌ಟ್ರೀ ಆ್ಯಡ್’ ಅಂದರೆ ಪಕ್ಕದಲ್ಲಿ ಇನ್ನೊಂದು ಫೋಲ್ಡರ್, ಅದರಲ್ಲಿ ಬೇರೆ ಬ್ರಾಂಚ್, ಇತಿಹಾಸ ಮಾತ್ರ ಎರಡಕ್ಕೂ ಒಂದೇ. ಮೊದಲ ಫೋಲ್ಡರಿನಲ್ಲಿ ಅರ್ಧ ಬರೆದ ಕೋಡ್ ಹಾಗೇ ಇರುತ್ತದೆ. ಒಂದೇ ಬ್ರಾಂಚನ್ನು ಎರಡು ಕಡೆ ತೆರೆಯಲು ಬಿಡುವುದಿಲ್ಲ. ಗಿಟ್‌ಇಗ್ನೋರ್‌ನಲ್ಲಿ, ಅಂದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲುಗಳ ಪಟ್ಟಿಯಲ್ಲಿ, ಇರುವ ಫೈಲುಗಳು ಹೊಸ ಫೋಲ್ಡರಿಗೆ ಬರುವುದಿಲ್ಲ, ಪ್ಯಾಕೇಜುಗಳನ್ನು ಅಲ್ಲಿ ಮತ್ತೆ ಹಾಕಿಕೊಳ್ಳಬೇಕು.

ಅವತ್ತು ಡೆಪ್ತ್ ಕೊಟ್ಟ ಮೇಲೆ ಒಂದು ಚಾ ಕುಡಿಯುವಷ್ಟರಲ್ಲಿ ಕ್ಲೋನ್ ಮುಗಿಯಿತು. ಕರೆಂಟ್ ಆಮೇಲೂ ಎರಡು ಸಲ ಹೋಯ್ತು, ಅವಳು ಬ್ಯಾಟರಿ ಮೇಲೇ ಮೊದಲ ಕಮಿಟ್ ಬರೆಯುತ್ತಿದ್ದಳು.